ವಲ್ಲಿಯ ಕೆಳಗಿನ ಬಣ್ಣ

ಮಾರೆಣ್ಣ ಗೋಡೆಗೆ ಎರಡು ಪಟ್ಟೆ ಬಳಿದು, ಬ್ರಷ್ ಹಿಡಿದುಕೊಂಡು ನಿಂತ. ಒಂದು ಕೆನೆಬಣ್ಣ, ಇನ್ನೊಂದು ತೆಳು ಹಸಿರು. ಆ ಹಸಿರೋ, ಯಾರಾದರೂ ಹಸಿರು ಎಂದ ಮೇಲೆಯೇ ಕಣ್ಣಿಗೆ ಕಾಣಬೇಕು, ಅಷ್ಟು ತೆಳು.

ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋಗಿದ್ದ ಕೊಟ್ರಬಸಪ್ಪನವರಿಗೆ ಮೆಟ್ಟಿಲು ಹತ್ತಲಾಗದೆಂದು ಕೆಳಗಿನ ಕೋಣೆ ಸಿದ್ಧವಾಗುತ್ತಿತ್ತು. ಇನ್ನು ದಿನವೆಲ್ಲ ಅವರು ನೋಡುವುದು ಈ ಗೋಡೆಗಳನ್ನೇ.

"ಯಾವ್ದು ಹಚ್ಚಿಸೋಣ್ರಿ?" ಹೆಂಡತಿ ಕೊಟ್ರಮ್ಮ ಕೆನೆಬಣ್ಣ ತೋರಿಸಿದಳು. ಅವರು ಹೌದೆಂಬಂತೆ ಗೋಣು ಆಡಿಸಿದರು. ಹಸಿರು ತೋರಿಸಿದಳು. ಅದಕ್ಕೂ ಆಡಿಸಿದರು.

"ಅವ್ವಾ, ಅಪ್ಪಗ ಏನ್ ತಿಳಿತೈತಿ. ಯಾವ್ದೋ ಒಂದು ನೀನ ಹೇಳಿಬಿಡು," ಎಂದ ಮಗ ವಾಗೀಶ.

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಕೊಟ್ರಮ್ಮನನ್ನು ಕಾಡುತ್ತಿದ್ದ ಭಯವೂ ಅದೇ ತಾನೆ! ಆಸ್ಪತ್ರೆಯಿಂದ ಬಂದಾಗಿನಿಂದ ಅನ್ನ ಬೇಕೇ ಎಂದರೂ ಗೋಣು, ಸಾಕೇ ಎಂದರೂ ಗೋಣು. ಆದೋನಿಯ ಹತ್ತಿ ಪೇಟೆಯಲ್ಲಿ ದಲಾಲಿಯಾಗಿದ್ದ ಮನುಷ್ಯ, ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡದೆ ಮನೆಗೆ ಬಂದವರಲ್ಲ. ಮೂಗಿನ ತುದಿಯಲ್ಲೇ ಕೋಪ, ಮೊಂಡುತನವಂತೂ ಕೇಳಲೇಬೇಡಿ. ಆ ಗಂಡ ಒಳಗೆಲ್ಲಾದರೂ ಇದ್ದಾರೋ, ಹೋಗಿಯೇಬಿಟ್ಟರೋ?

ಅವಳಿಗೆ ಅದೇನು ಹೊಳೆಯಿತೋ, ಅವರ ಹೆಗಲ ಮೇಲಿನ ವಲ್ಲಿ ಎಳೆದುಕೊಂಡಳು. ಹಿಂದೆ ಪೇಟೆಯಲ್ಲಿ ದಲಾಲರು ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ವಲ್ಲಿಯ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಅದುಮುವುದೇ ಮಾತು. ಕಳ್ಳರ ವ್ಯಾಪಾರ ಎಂದು ಅವಳು ಅದನ್ನು ಜೀವನವಿಡೀ ಆಡಿಕೊಂಡಿದ್ದಳು. ಈಗ ಗಂಡನ ಸ್ವಾಧೀನವಿದ್ದ ಎಡಗೈ ಹಿಡಿದು, ಮೇಲೆ ವಲ್ಲಿ ಹೊದಿಸಿ ಕೂತಳು.

"ಕೆನಿ ಬಣ್ಣಕ್ಕ ಒಂದು ಬೆರಳು, ಹಸ್ರಿಗೆ ಎರಡು. ಹೇಳ್ರಿ."

ಮೊದಲು ಏನೂ ಇಲ್ಲ. ಮಾರೆಣ್ಣ ನೋಡಲಾರದೆ ಗೋಡೆಯತ್ತ ತಿರುಗಿದ. ಆಮೇಲೆ ವಲ್ಲಿ ಅಲುಗಿತು. ಅವರ ಕೈ ಅವಳ ಎರಡು ಬೆರಳು ಹುಡುಕಿ ಹಿಡಿದು ಅದುಮಿತು.

ಸುಮ್ಮನೆ ಸಿಕ್ಕಿದ್ದನ್ನು ಹಿಡಿದರೇನೋ? ಕೊಟ್ರಮ್ಮ ಕೆನೆಬಣ್ಣವೆಂಬಂತೆ ಅವರ ಒಂದೇ ಬೆರಳು ಹಿಡಿದು ಅದುಮಿದಳು. ಕೊಟ್ರಬಸಪ್ಪನವರು ಹುಬ್ಬು ಗಂಟಿಕ್ಕಿದರು. ಅವಳ ಕೈ ಕೊಡವಿ ಮತ್ತೆ ಎರಡು ಬೆರಳು ಹಿಡಿದರು, ಈ ಸಲ ನೋಯುವಷ್ಟು.

"ಅಪ್ಪ ಏನಂತಾನವ್ವಾ?" ವಾಗೀಶ ಹತ್ತಿರ ಬಂದ.

"ತಡಿಯಪ್ಪಾ, ಸೌದಾ ನಡದೈತಿ," ಎಂದಳು. ಕಣ್ಣೀರು ಕೆನ್ನೆಗಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಅವಳಿಗೂ ಹಸಿರೇ ಮೆಚ್ಚಿಕೆಯಾಗಿತ್ತು. ಆದರೂ ಚೌಕಾಸಿ ಬಿಡದೆ ಮತ್ತೊಮ್ಮೆ ಅವರ ಒಂದೇ ಬೆರಳನ್ನು ಹಿಡಿದು ಅದುಮಿದಳು.