ಗುರುವಾರದೊಳಗೆ ಒಂದು ಎಡಗೈ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಎಂ.ಎ. ಓದುವಾಗ ನಮ್ಮ ಮೇಡಂ ಒಬ್ಬರು ಹೇಳುತ್ತಿದ್ದರು, ಮೊದಲ ಪ್ಯಾರಾದಲ್ಲೇ ಹೆಣ ಇಟ್ಟರೆ ಓದುಗರು ಕಾಫಿ ಮಾಡಲು ಎದ್ದುಹೋಗುತ್ತಾರೆ ಎಂದು. ಹಾಗಾಗಿ ಹೆಣ ಇಡುವುದಿಲ್ಲ. ಕೈ ಇಡುತ್ತೇನೆ.

ಎಡಗೈ. ರಬ್ಬರಿನದು. ಮೊಣಕೈಯಿಂದ ಬೆರಳ ತುದಿಯವರೆಗೆ ಪೂರ್ತಿ ಇದೆ, ಉಗುರು ಸಮೇತ.

೧ (ಇನ್ನೊಮ್ಮೆ, ಸರಿಯಾಗಿ)

ಹದಿಮೂರನೇ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋದ ಮಾರನೇ ಬೆಳಿಗ್ಗೆ. ಸೋಮವಾರ. ಗೇಟಿಗೆ ಹಾಲಿನ ಪ್ಯಾಕೆಟ್ ಬಂತು, ನಲ್ಲಿಗೆ ನೀರು ಬಂತು. ಕೂತುಕೋ, ಏಳು, ಎರಡು ತುತ್ತು ತಿನ್ನು ಎಂದು ಯಾರೂ ಹೇಳಲಿಲ್ಲ. ನೆಲ್ಯಹುದಿಕೇರಿಯ ಬಾಡಿಗೆ ಮನೆಯಲ್ಲಿ ಉಳಿದವರು ನಾನು, ಅತ್ತೆ ಸರ್ವಮಂಗಳ, ಬೀರುವಿನ ಮೇಲೆ ಆ ಕೈ.

ನನ್ನ ಗಂಡ ಚೇತನ್‌ಕುಮಾರ್ ಮಡಿಕೇರಿಯ ಒಂದು ಆಸ್ಪತ್ರೆಯ ಕ್ಯಾಥ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹೃದಯದ ರಕ್ತನಾಳದವರೆಗೆ ತೆಳುವಾದ ನಳಿಗೆ ತೂರಿಸಿ ಬ್ಲಾಕ್ ಬಿಡಿಸುವ ಕೋಣೆ ಅದು. ಕೈಯನ್ನು ಅಲ್ಲಿಂದ ಎರವಲು ತಂದಿದ್ದ. ವಾಪಸ್ಸು ಕೊಡುವ ಮೊದಲು ಬೈಕು ಜಾರಿತು. ಹೊರಗೆ ಒಂದು ಹನಿ ರಕ್ತ ಇರಲಿಲ್ಲ. ಎಲ್ಲ ಒಳಗೆ.

[ಇಲ್ಲಿ ಲೇಖಕಿಯೇ ಕಾಫಿ ಮಾಡಲು ಎದ್ದುಹೋದಳು.]

೨

ಏಳೂವರೆಗೆ ಕ್ಯಾಥ್ ಲ್ಯಾಬಿನ ಚಿತ್ರಾ ಸಿಸ್ಟರ್ ಫೋನು ಮಾಡಿದರು. ಧೈರ್ಯ ತಂದುಕೊಳ್ಳಿ ಅಂದರು, ದೇವರಿದ್ದಾನೆ ಅಂದರು, ಕೆಮ್ಮಿದರು, ಮತ್ತೊಮ್ಮೆ ದೇವರಿದ್ದಾನೆ ಅಂದರು. ಕೊನೆಗೆ ವಿಷಯಕ್ಕೆ ಬಂದರು.

“ಬೇಜಾರ್ ಮಾಡ್ಕೋಬೇಡಿ ಮೇಡಂ. ನಮ್ದೊಂದು ಎಡಗೈ ನಿಮ್ಮನೇಲಿ ಉಂಟಾ?”

ಡಾಕ್ಟರುಗಳು ಕೈ ಪಳಗಿಸಿಕೊಳ್ಳಲು ಅಲ್ಲಿ ಎರಡು ರಬ್ಬರ್ ಕೈಗಳಿವೆ. ಬಲಗೈ ಕಪಾಟಿನಲ್ಲಿ ಭದ್ರವಾಗಿದೆ. ಬೇಕಾಗಿರುವುದು ಎಡಗೈ, ಅದೂ ಗುರುವಾರದೊಳಗೆ. ಗುರುವಾರ ನಮ್ಮ ನೆರೆಯ ಮುದ್ದಿಯ ಹೃದಯದ ಬ್ಲಾಕ್ ತೆಗೆಯುವ ದಿನ. ಮುದ್ದಿ ಹಿಂದೆಂದೋ ಕರಿಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡವಳು. ಅಲ್ಲಿ ನಾಡಿ ಸರಿಯಾಗಿ ಸಿಗುವುದಿಲ್ಲ. ನಳಿಗೆ ಎಡ ಮಣಿಕಟ್ಟಿನಿಂದಲೇ ಹೋಗಬೇಕು. ಹೊಸದಾಗಿ ಬಂದಿರುವ ಡಾಕ್ಟರ್ ರಾಹುಲ್ ರೋಗಿಗಳ ಬಲಗೈಯಲ್ಲಿ ಪಳಗಿದವರು, ಎಡಗೈಯಲ್ಲಿ ಮಾಡಿದ್ದು ಕಡಿಮೆ. ಅಲ್ಲೂ ಆಗದಿದ್ದರೆ ಉಳಿಯುವುದು ತೊಡೆಸಂದು. ಮುದ್ದಿಯಂಥ ಸಣ್ಣ ಮೈಯ, ವಯಸ್ಸಾದ ಹೆಂಗಸರಿಗೆ ಅಲ್ಲಿಂದ ರಕ್ತ ಸೋರುವ ಅಪಾಯ ಜಾಸ್ತಿ. ಹೊರಗೆ ಕಾಣದೆ ಒಳಗೊಳಗೇ ತುಂಬಿಕೊಳ್ಳಲೂಬಹುದು.

[ಈ ವಾಕ್ಯವನ್ನು ಬದಲಾಯಿಸಲು ಮೂರು ಸಲ ನೋಡಿದೆ. ಮೂರು ಸಲವೂ ಹಾಗೇ ಬಂತು.]

ಅಲ್ಲದೆ ಮುದ್ದಿ ಮೊದಲೇ ಹೇಳಿಬಿಟ್ಟಿದ್ದಾಳೆ. ಸೊಂಟದ ಕೆಳಗೆ ಯಾರಾದರೂ ಕೈ ಹಾಕಿದರೆ ಅವಳು ಎದ್ದು ಮನೆಗೆ ಬರುವವಳೇ.

೩

ಮುದ್ದಿ ಪಕ್ಕದ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಇರುವವಳು. ಮೊದಲ ಡ್ರಾಫ್ಟಿನಲ್ಲಿ ಅವಳ ಕಣ್ಣುಗಳಲ್ಲಿ ಶತಮಾನಗಳ ನೋವು ಇಟ್ಟಿದ್ದೆ. ಓದಿ ಹೇಳಿದಾಗ, ಅಲ್ಲಿರುವುದು ಪೊರೆ, ಅದಕ್ಕೆ ಬೇರೆ ಡಾಕ್ಟರು ಇದ್ದಾರೆ ಎಂದಳು. ನೋವು ತೆಗೆದೆ.

ನಾನು ರೈಟರ್ ಎಂದು ಅವಳಿಗೆ ಯಾರೋ ಹೇಳಿದ್ದರು. ಎಸ್ಟೇಟಿನಲ್ಲಿ ರೈಟರ್ ಎಂದರೆ ಪಿಕ್ಕಿಂಗ್ ಆದ ಮೇಲೆ ಕಾಫಿಯ ತೂಕ ಬರೆದುಕೊಳ್ಳುವವನು. “ನನ್ನ ವಿಷ್ಯ ಬರಿಯೋದಾದ್ರೆ ಕಮ್ಮಿ ಬರೀಬೇಡಿ ಅಮ್ಮ,” ಎಂದಳು. ಪ್ರಯತ್ನಿಸುತ್ತಿದ್ದೇನೆ.

ಚೇತನ್ ಆ ಕೈ ತಂದದ್ದೇ ಅವಳಿಗಾಗಿ. ಲೈನಿನ ಜಗಲಿಯಲ್ಲಿ ಕೂತು, ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಪಾಠ ಮಾಡಿದ. ಮಳೆಗಾಲದಲ್ಲಿ ಜಿಗಣೆ ತೊಡೆಗೆ ಹತ್ತಿದರೆ ಗೊತ್ತಾಗುವುದು ಬಟ್ಟೆ ಒದ್ದೆಯಾದ ಮೇಲೆ. ಮಣಿಕಟ್ಟಿಗೆ ಹತ್ತಿದರೆ ಕಣ್ಣೆದುರೇ ಇರುತ್ತದೆ, ಅಡಿಯಲ್ಲಿ ಮೂಳೆ ಇದೆ, ಹೆಬ್ಬೆರಳು ಒತ್ತಿಹಿಡಿದರೆ ರಕ್ತ ನಿಲ್ಲುತ್ತದೆ. ಇಷ್ಟೇ ವಿಷಯ ಎಂದ. ದಪ್ಪ ದಪ್ಪ ರಿಸರ್ಚ್ ಪೇಪರುಗಳನ್ನು ಒಂದು ಜಿಗಣೆಗೆ ಇಳಿಸಿದ್ದ. ಮುದ್ದಿ ಕೇಳಿದ್ದು ಒಂದೇ ಪ್ರಶ್ನೆ: ಡಾಕ್ಟರು ಎಷ್ಟು ಹೊತ್ತು ಕಚ್ಚಿಕೊಂಡಿರುತ್ತಾರೆ?

೪

ಶುದ್ಧದ ದಿನ ಪುರೋಹಿತರಾದ ಅನಂತಕೃಷ್ಣ ಭಟ್ಟರು ಮನೆಗೆಲ್ಲ ಪಂಚಗವ್ಯ ಚಿಮುಕಿಸುತ್ತಾ ಬಂದು ಬೀರುವಿನ ಮುಂದೆ ನಿಂತುಬಿಟ್ಟಿದ್ದರು. ರಬ್ಬರ್ ಕೈಗೆ ಸೂತಕ ಉಂಟೋ ಇಲ್ಲವೋ? ಸ್ವಲ್ಪ ಯೋಚಿಸಿ, ಯಾವುದಕ್ಕೂ ಇರಲಿ ಎಂದು ಅದಕ್ಕೂ ಎರಡು ಹನಿ ಹಾಕಿದರು. ಆಗ ಅದರ ಮಣಿಕಟ್ಟು ಬರಿದಾಗಿತ್ತು.

ಸೋಮವಾರ ಸ್ಟೂಲು ಹತ್ತಿ ನೋಡಿದರೆ ಅಲ್ಲಿ ಚೇತನ್‌ನ ವಾಚು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಎಲ್ಲಾದ್ರೂ ಇಡ್ಬೇಕಲ್ಲ,” ಎಂದರು.

ಕೈ ಆಸ್ಪತ್ರೆಯದು, ಮುದ್ದಿಗಾಗಿ ಬೇಕಂತೆ ಎಂದೆ. ಫೋನು ತಮಗೂ ಕೇಳಿಸಿತು ಎಂದರು. ಆದರೆ ನಾನು ಕೆಳಗಿಳಿಸುತ್ತಿದ್ದಂತೆ ಅದರ ಬೆರಳುಗಳನ್ನು ಹಿಡಿದುಕೊಂಡರು. ನನ್ನ ಹತ್ತಿರ ಮೊಣಕೈ, ಅವರ ಹತ್ತಿರ ಬೆರಳು. ನಾನೂ ಬಿಡಲಿಲ್ಲ, ಮುದ್ದಿಗಾಗಿ ಅಂತ ಬರೆಯಬಹುದು, ಪೂರ್ತಿ ನಿಜವಲ್ಲ.

“ಗುರುವಾರ ಆದ್ಮೇಲೆ ವಾಪಸ್ ಕೊಡ್ತಾರೇನೇ?”

“ಇಲ್ಲ ಅತ್ತೆ.”

[ಒಳ್ಳೆಯ ಲೇಖಕಿಯಾಗಿದ್ದರೆ ಇಲ್ಲಿ ಇಬ್ಬರನ್ನೂ ಅಳಿಸುತ್ತಿದ್ದಳು. ನಮಗೆ ನಗು ಬಂತು. ಮೊದಲು ಅತ್ತೆಗೆ. ಆಮೇಲೆ ಅವರೇ ವಾಚಿನ ಪಟ್ಟಿ ಬಿಚ್ಚಿದರು.]

೬

(ಐದು ಬರೆದು ಹರಿದೆ. ಅದರಲ್ಲಿ ನದಿ ಬರುತ್ತಿತ್ತು.)

ಮುದ್ದಿಗೂ ಅಂದೇ ರಕ್ತಪರೀಕ್ಷೆ ಇತ್ತು. ಮಡಿಕೇರಿ ಬಸ್ಸಿನಲ್ಲಿ ಇಬ್ಬರೂ ಕೂತೆವು. ಕೈ ಬಟ್ಟೆಚೀಲದಲ್ಲಿ ಪೂರ್ತಿ ಹಿಡಿಸದೆ ನಾಲ್ಕು ಬೆರಳು ಹೊರಗೆ ಚಾಚಿಕೊಂಡಿದ್ದವು. ಮುಂದಿನ ಸೀಟಿನವರು ತಿರುಗಿ ನೋಡಿ, ಮತ್ತೆ ತಿರುಗದೆ, ಎದ್ದುಹೋಗಿ ಹಿಂದೆ ನಿಂತರು. ಕಂಡಕ್ಟರ್ ಪದ್ಮಯ್ಯ ಬಂದು ಚೀಲವನ್ನು ನೋಡಿದರು, ನಮ್ಮಿಬ್ಬರ ಕೈಗಳನ್ನು ಎಣಿಸಿದರು.

“ಇದು ಗಂಡಸಿಂದಾ, ಹೆಂಗಸಿಂದಾ? ಹೆಂಗಸಿಂದಾದ್ರೆ ಫ್ರೀ. ಗಂಡಸಿಂದಾದ್ರೆ ಲಗೇಜು.”

“ಹೆಂಗಸಿಂದೇ,” ಎಂದಳು ಮುದ್ದಿ. “ನಂದೇ ಅಂತ ತಿಳ್ಕೊಳ್ಳಿ.”

ಪದ್ಮಯ್ಯ ಆಧಾರ್ ಕೇಳಿದರು. ಮುದ್ದಿ ತನ್ನದನ್ನೇ ಎರಡನೇ ಸಲ ತೋರಿಸಿದಳು. ಅವರು ಗಂಭೀರವಾಗಿ ನೋಡಿ, ಫೋಟೋ ಹೋಲುತ್ತದೆ ಎಂದು ಮುಂದೆ ಹೋದರು.

ಬೈಕು ಜಾರಿದ ತಿರುವು ಬಂತು. ಬಸ್ಸು ತಿರುಗಿತು.

೭

ಈಗ ಅಂತ್ಯಗಳು. ನಿಮಗೆ ಬೇಕಾದದ್ದನ್ನು ಇಟ್ಟುಕೊಳ್ಳಿ.

ಎ) ಗುರುವಾರ ಎಲ್ಲ ಸಲೀಸು. ಮುದ್ದಿ ಎಡ ಮಣಿಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಸಿಕೊಂಡು, ಎದ್ದು ಕೂತು, ಇಡ್ಲಿ ತಿಂದು, ಸಾಂಬಾರಿನ ಬಗ್ಗೆ ದೂರು ಹೇಳುತ್ತಾಳೆ.

ಬಿ) ನಾನು ಕೈಯನ್ನು ಬಸ್ಸಿನಲ್ಲೇ ಮರೆಯುತ್ತೇನೆ. ಪದ್ಮಯ್ಯ ಅದಕ್ಕೆ ಪೂರ್ತಿ ಟಿಕೆಟ್ ಹಾಕುತ್ತಾರೆ.

ಸಿ) 

ಸಿ ಬೇಡ ಎಂದು ಮುದ್ದಿ ಹಟ ಹಿಡಿದಳು. ಸತ್ಯ ಬರೆಯಬೇಕಾಗುತ್ತದೆ ಎಂದೆ. “ಆಗದೇ ಇರೋದನ್ನ ಬರೆದ್ರೆ ಅದು ಯಾವ ಸತ್ಯ ಅಮ್ಮ?” ಎಂದಳು. ಎಂ.ಎ.ಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ನಾನಿದನ್ನು ಬರೆಯುತ್ತಿರುವುದು ಬುಧವಾರ. ಗುರುವಾರ ಏನಾಯಿತು ಎಂದು ನಿಮಗೆ ತಿಳಿದಿದ್ದರೂ ಹೇಳಬೇಡಿ.

೮

ಮತ್ತೆ ಸೋಮವಾರಕ್ಕೆ, ಕ್ಯಾಥ್ ಲ್ಯಾಬಿಗೆ. ಡಾಕ್ಟರ್ ರಾಹುಲ್ ಅಷ್ಟು ಚಿಕ್ಕವರೆಂದು ಗೊತ್ತಿರಲಿಲ್ಲ. ಎರಡೂ ಕೈ ಚಾಚಿ ಎಡಗೈ ತೆಗೆದುಕೊಂಡರು, ಮೇಜಿನ ಮೇಲೆ ಅಂಗಾತ ಮಲಗಿಸಿದರು. ಚಿತ್ರಾ ಸಿಸ್ಟರ್ ಅದರ ಮೊಣಕೈಗೆ ಒಂದು ಟ್ಯೂಬು ಸಿಕ್ಕಿಸಿದರು. ಟ್ಯೂಬಿನಲ್ಲಿ ಕೆಂಪು ನೀರು, ಇನ್ನೊಂದು ತುದಿಯಲ್ಲಿ ಬಿ.ಪಿ. ಯಂತ್ರದಲ್ಲಿರುವಂಥ ರಬ್ಬರ್ ಪಂಪು. ಅದನ್ನು ಹಿಸುಕುತ್ತಿದ್ದರೆ ಮಣಿಕಟ್ಟಿನಲ್ಲಿ ನಾಡಿ ಹೊಡೆದುಕೊಳ್ಳುತ್ತದಂತೆ. ಹದಿಮೂರು ದಿನಕ್ಕೂ ಮೇಲೆ ಅದು ನಮ್ಮ ಮನೆಯಲ್ಲಿತ್ತು. ನನಗೆ ಗೊತ್ತಿರಲಿಲ್ಲ.

ಇದನ್ನು ಹಿಸುಕುವವರು ಯಾರು ಎಂದು ಡಾಕ್ಟರ್ ಕೇಳಿದರು. “ಚೇತನ್ ಇದ್ರು,” ಎಂದರು ಸಿಸ್ಟರ್.

ಪಂಪು ತೆಗೆದುಕೊಂಡೆ.

ಡಾಕ್ಟರ್ ಬೆರಳಿಟ್ಟು ಹುಡುಕಿದರು, ಸೂಜಿ ಹಾಕಿದರು. ಕೆಂಪು ನೀರು ಅವರ ಕನ್ನಡಕಕ್ಕೆ ಹಾರಿತು. ಮತ್ತೊಮ್ಮೆ. ಈ ಸಲ ಅಂಗಿಗೆ. ಬಾಗಿಲ ಹತ್ತಿರ ಬಂದು ನಿಂತಿದ್ದ ಮುದ್ದಿ ಎಲ್ಲ ನೋಡುತ್ತಿದ್ದಳು.

“ಡಾಕ್ಟ್ರೇ, ಅದು ರಬ್ಬರು ಅಂತ ಸುಮ್ನಿದೆ.”

“ಗುರುವಾರದೊಳಗೆ ಕಲೀತೀನಿ ಅಮ್ಮ,” ಎಂದರು ಅವರು. ಕಿವಿ ಕೆಂಪಾಗಿತ್ತು. ನನ್ನ ಕಡೆ ತಿರುಗಿ, ಸ್ವಲ್ಪ ನಿಧಾನಕ್ಕೆ ಎಂದರು, ಇದು ಓಡುತ್ತಿರುವವರ ನಾಡಿಯಂತಿದೆ. ನಿಧಾನ ಮಾಡಿದೆ. ಮೂರನೇ ಸಲ ನಳಿಗೆ ಒಳಗೆ ಹೋಯಿತು. ಅವರು ಅದನ್ನು ಹೊರಗೆಳೆದು, ಮತ್ತೆ ಮೊದಲಿನಿಂದ ಶುರು ಮಾಡಿದರು. ಹತ್ತು ಸಲ ಹೋಗಬೇಕು, ಒಂದು ಸಲ ಸಾಲದು ಎಂದರು.

ಸಿಸ್ಟರ್ ರಿಜಿಸ್ಟರು ತಂದು ನನ್ನ ಮುಂದೆ ಬಿಡಿಸಿದರು. ತೆಗೆದುಕೊಂಡವರು ಎಂಬಲ್ಲಿ ಚೇತನ್‌ನ ಸಹಿ, ಕಾಗೆಯ ಕಾಲಿನಂಥದ್ದು. ವಾಪಸ್ಸು ಕೊಟ್ಟವರು ಎಂಬಲ್ಲಿ ಖಾಲಿ.

“ಇಲ್ಲೊಂದು ಸೈನ್ ಮಾಡಿ ಮೇಡಂ, ಮುಗೀತು.”

“ಆಮೇಲೆ ಮಾಡ್ತೇನೆ ಸಿಸ್ಟರ್,” ಎಂದೆ. “ಈಗ ಕೈ ಖಾಲಿ ಇಲ್ಲ.”