ಬಾಡಿಗೆಯಷ್ಟು ಡಿವಿಡೆಂಡ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅತ್ತಿಗೆ ನನ್ನನ್ನು ಕರೆಯುವುದೇ ದೂರ್ವಾಸ ಎಂದು. ಲಿಫ್ಟ್ ರಿಪೇರಿ ಮಾಡುವವನಿಗೆ ತಾಳ್ಮೆ ಇರಬೇಕಂತೆ. ನನಗಿಲ್ಲ, ಏನು ಮಾಡಲಿ? ಅತ್ತಿಗೆಯ ತಾಳ್ಮೆಯ ಮುಂದೆ ಮಾತ್ರ ನಾನು ಸೋತು ಸುಣ್ಣವಾದೆ.

ಅಣ್ಣ ತೀರಿಕೊಂಡ ಮೇಲೆ ಬರುತ್ತಿದ್ದ ಪಿಂಚಣಿ ಊಟಕ್ಕೂ ಔಷಧಿಗೂ ಸರಿಹೋಗುತ್ತಿತ್ತು. ಮನೆ ಬಾಡಿಗೆಗೆಂದು ಅತ್ತಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟರು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ದಪ್ಪಗಾದವರ ಅಂಗಿಯನ್ನು ಬಿಚ್ಚಿ ಅಗಲ ಮಾಡುವುದು. ಬಾಡಿಗೆ ಕೊಟ್ಟು ಉಳಿದ ದುಡ್ಡಿನಲ್ಲಿ ಪ್ರತಿ ತಿಂಗಳೂ ಒಂದು ಇಟಿಎಫ್‌ನ ಯೂನಿಟ್ ಕೊಳ್ಳುತ್ತಿದ್ದರು. ವರ್ಷ ವರ್ಷವೂ ಲಾಭದ ಪಾಲನ್ನು ಡಿವಿಡೆಂಡ್ ಎಂದು ಕೊಡುತ್ತ ಬಂದ ಎಂಬತ್ತು ಕಂಪನಿಗಳ ಷೇರನ್ನು ಒಟ್ಟಿಗೆ ಇಟ್ಟುಕೊಂಡಿದ್ದ ಫಂಡ್ ಅದು. ಬಂದ ಲಾಭವನ್ನು ಮೂರು ತಿಂಗಳಿಗೊಮ್ಮೆ ಹಂಚುತ್ತಿತ್ತು. ಹಾಗೆ ಬಂದ ದುಡ್ಡಿಗೂ ಅತ್ತಿಗೆ ಮತ್ತೆ ಅದರ ಯೂನಿಟ್ಟನ್ನೇ ಕೊಳ್ಳುತ್ತಿದ್ದರು.

ಹದಿನೈದು ವರ್ಷ ಹೀಗೇ ನಡೆಯಿತು. ಆಮೇಲೆ ಅವರ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತು. ಕೀಲು ಸವೆದಿದೆ, ಹೊಲಿಗೆ ಬಿಡದಿದ್ದರೆ ಬೆರಳು ಮಡಚಲೂ ಆಗದು ಎಂದರು ಡಾಕ್ಟರು. ಬಿಡಬೇಕಾದರೆ ಒಂದು ಸಲದ ಡಿವಿಡೆಂಡು ಮೂರು ತಿಂಗಳ ಬಾಡಿಗೆಗೆ ಸಾಲಬೇಕು. ಬರುತ್ತಿದ್ದದ್ದು ಎರಡೂವರೆ ತಿಂಗಳಿಗೆ ಆಗುವಷ್ಟು.

ನಾನು ಫೋನಿನಲ್ಲಿ ಹುಡುಕಿ ಹುಡುಕಿ ಬೇರೊಂದು ಫಂಡ್ ಹಿಡಿದು ತಂದೆ.

"ಅತ್ತಿಗೆ, ನಿಮ್ಮದು ವರ್ಷಕ್ಕೆ ಕೊಡೋದು ನಾಲ್ಕು ಪರ್ಸೆಂಟ್, ಇದು ಹನ್ನೆರಡು. ಎಲ್ಲಾ ಮಾರಿ ಇದಕ್ಕೆ ಹಾಕಿ. ನಾಳೆಯಿಂದಲೇ ಮೆಷಿನ್ ಮುಚ್ಚಬಹುದು."

ಅವರು ಕನ್ನಡಕ ಏರಿಸಿಕೊಂಡು ನೋಡಿದರು. "ಹೋದ ವರ್ಷ ಇದರ ಬೆಲೆ ಎಷ್ಟಿತ್ತು?"

"ಈಗಿನದರ ಮೂರು ಪಟ್ಟು."

"ಮತ್ತೆ? ಹೋದ ವರ್ಷ ಕೊಟ್ಟ ದುಡ್ಡನ್ನ ಇವತ್ತು ಬಿದ್ದಿರೋ ಬೆಲೆಗೆ ಹೋಲಿಸಿ ಹನ್ನೆರಡು ಅಂತಿದಾರೆ. ಅಂಗಿ ಕುಗ್ಗಿದ್ರೆ ಹೊಟ್ಟೆ ಬೆಳೆದ ಹಾಗೆ ಕಾಣುತ್ತೆ, ಅಷ್ಟೇ ಕಣೋ. ಅದರಲ್ಲಿರೋ ಕಂಪನಿಗಳು ನೆಟ್ಟಗಿದ್ರೆ ಬೆಲೆ ಯಾಕೆ ಹೀಗೆ ಬೀಳ್ತಿತ್ತು?"

ನನಗೆ ಮೈಯೆಲ್ಲ ಉರಿದುಹೋಯಿತು. "ಬೆರಳು ಹೋಗುತ್ತೆ ಅಂತಿದಾರೆ ಡಾಕ್ಟ್ರು. ನೀವು ಪಾಠ ಹೇಳ್ತಾ ಕೂತಿದೀರಲ್ಲ."

"ಬೆರಳಿನ ಜೊತೆ ದುಡ್ಡೂ ಹೋದ್ರೆ ನಿಮ್ಮನೇಲಿ ಬಂದಿರಬೇಕಾಗುತ್ತೆ. ನಿನ್ನ ಕೂಗಾಟಕ್ಕೆ ನಿನ್ನ ಹೆಂಡ್ತಿನೇ ತವರಿಗೆ ಓಡ್ತಾಳೆ, ಇನ್ನು ನಾನೆಲ್ಲಿಗೆ ಓಡಲಿ?"

ಹಟಕ್ಕೆ ಬಿದ್ದು ನನ್ನ ಎರಡು ವರ್ಷದ ಉಳಿತಾಯವನ್ನು ಆ ಹನ್ನೆರಡು ಪರ್ಸೆಂಟಿಗೆ ಸುರಿದೆ. ಆರೇ ತಿಂಗಳಲ್ಲಿ ಅದು ಡಿವಿಡೆಂಡನ್ನು ಕಾಲು ಭಾಗಕ್ಕೆ ಇಳಿಸಿತು. ಬೆಲೆ ಇನ್ನೂ ಬಿತ್ತು. ಒಂದು ತಿಂಗಳು ನಾನು ಅತ್ತಿಗೆಯ ಬೀದಿಗೇ ಕಾಲಿಡಲಿಲ್ಲ. ಕೊನೆಗೆ ಹೋದಾಗ ಅವರು ಅದರ ಮಾತನ್ನೇ ಎತ್ತದೆ ಕಾಫಿ ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಬೆರಳು ಉಳಿಸಿಕೊಳ್ಳಲು ಅತ್ತಿಗೆ ದಪ್ಪ ಬಟ್ಟೆಗೆ ಎರಡು ದಿನ ಹೆಚ್ಚು ಕೇಳತೊಡಗಿದರು, ಕತ್ತರಿಯನ್ನು ಎಡಗೈಗೆ ರೂಢಿಮಾಡಿಕೊಂಡರು, ಸಂಜೆ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿ ಕೂರುತ್ತಿದ್ದರು. ಯೂನಿಟ್ ಕೊಳ್ಳುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಡುವೆ ಷೇರುಪೇಟೆ ಕುಸಿದು ಜನ ಸಿಕ್ಕ ಬೆಲೆಗೆ ಮಾರಿಕೊಳ್ಳುವಾಗ, "ಡಿವಿಡೆಂಡು ಹೋದ ಸಲದಷ್ಟೇ ಬಂದಿದೆಯಲ್ಲ, ಯೂನಿಟ್ ಅಗ್ಗವಾಗಿದೆ" ಎಂದು ಅದೇ ದುಡ್ಡಿಗೆ ಇನ್ನಷ್ಟು ತೆಗೆದುಕೊಂಡರು. ಅಷ್ಟು ಗಟ್ಟಿ ಗುಂಡಿಗೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೀಗೆ ಎರಡು ವರ್ಷ. ಮೊನ್ನೆ ಬೆಳಿಗ್ಗೆ ನಾನು ಅಲ್ಲಿದ್ದಾಗಲೇ ಬ್ಯಾಂಕಿನ ಮೆಸೇಜ್ ಬಂತು. ಅತ್ತಿಗೆ ಎರಡು ಸಲ ಓದಿ ಫೋನನ್ನು ನನ್ನ ಕೈಗೆ ಕೊಟ್ಟರು. ಮೂರು ತಿಂಗಳ ಬಾಡಿಗೆ, ಮೇಲೆ ಸ್ವಲ್ಪ ಚಿಲ್ಲರೆ. ಅವರು ಎದ್ದು ಮೆಷಿನ್ನಿನ ಸೂಜಿ ಕಳಚಿದರು.

ಅಷ್ಟರಲ್ಲಿ ಎದುರು ಮನೆಯ ವಕೀಲರು ಕೋಟು ಹಿಡಿದುಕೊಂಡು ಬಂದರು. "ತೋಳು ಸ್ವಲ್ಪ ಗಿಡ್ಡ ಮಾಡ್ಬೇಕಮ್ಮ. ನಾಳೆಗೇ ಬೇಕು, ಎರಡರಷ್ಟು ಕೊಡ್ತೀನಿ."

"ಆಗಲ್ಲ ಸರ್. ಹೊಲಿಗೆ ಬಿಟ್ಟೆ."

"ಅಯ್ಯೋ, ಯಾವಾಗ?"

ಅತ್ತಿಗೆ ಗೋಡೆ ಗಡಿಯಾರ ನೋಡಿದರು. "ಹತ್ತು ನಿಮಿಷ ಆಯ್ತು."

ವಕೀಲರು ಹೋದ ಮೇಲೆ ಅತ್ತಿಗೆ ಬಾಗಿಲು ಹಾಕಿಕೊಂಡು ಬಂದು ಕೂತರು. ಈ ಹದಿನೇಳು ವರ್ಷದಲ್ಲಿ ಅವರು ಯಾವ ಗಿರಾಕಿಗೂ ಆಗಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ.

"ಬಾಯಿಗೆ ರೂಢಿಯಿಲ್ಲ, ನೋಡು" ಎಂದರು. "ಸರಿಯಾಗಿ ಹೇಳಿದೆನಾ?"

ಸರಿಯಾಗೇ ಹೇಳಿದಿರಿ ಅತ್ತಿಗೆ, ಎಂದೆ.