ದ್ವಾರಕನಾಥರ ಅಡುಗೆಮನೆ

"ನಿಧಾನ ಕಣ್ರೀ! ನಿಮ್ಮಪ್ಪ ಹೊತ್ತ ಗೊಬ್ಬರದ ಬುಟ್ಟಿ ಅಲ್ಲ ಅದು, ಗ್ರಾನೈಟು!"

ದ್ವಾರಕನಾಥರು ಬಾಗಿಲಲ್ಲಿ ನಿಂತು ಕೂಗಿದರು. ಮೇಲಿನ ಮೆಟ್ಟಿಲಲ್ಲಿ ನನ್ನ ಸಹೋದ್ಯೋಗಿ ಚೇತನಕುಮಾರ, ಕೆಳಗಿನ ಮೆಟ್ಟಿಲಲ್ಲಿ ನಾನು, ನಡುವೆ ಅವರ ಅಡುಗೆಮನೆಯ ಕಟ್ಟೆಕಲ್ಲು. ಭಾರವೆಲ್ಲ ಕೆಳಗಿದ್ದವನ ಎದೆಯ ಮೇಲೆ. ಹಾಗೆ ನಿಲ್ಲಿಸಿದವರೂ ದ್ವಾರಕನಾಥರೇ.

"ಮಹೇಶ್, ನೀವು ಕೆಳಗಿರಿ. ನಿಮ್ ಕಡೆಯವ್ರಿಗೆ ಅಭ್ಯಾಸ ಇರತ್ತೆ."

ಈ ಜರ್ಮನಿಯಲ್ಲಿ ಮನೆ ಬಿಡುವವರು ಅಡುಗೆಮನೆಯನ್ನೂ ಕಿತ್ತುಕೊಂಡು ಹೋಗುವುದು ವಾಡಿಕೆ. ಒಲೆ, ತೊಟ್ಟಿ, ಕಪಾಟು ಏನೂ ಉಳಿಯುವುದಿಲ್ಲ. ಹೊಸಬರಿಗೆ ಸಿಗುವುದು ಬರಿಗೋಡೆ, ಅದರಲ್ಲೊಂದು ನೀರಿನ ಪೈಪಿನ ಬಾಯಿ. ಎರ್ಲಾಂಗೆನ್‌ನಲ್ಲಿ ಮನೆ ಕೊಂಡ ದ್ವಾರಕನಾಥರು ಒಬ್ಬ ಮುದಿ ಕಟುಕನ ಮನೆಯಿಂದ ಹಳೆಯ ಅಡುಗೆಮನೆಯನ್ನು ಅಗ್ಗಕ್ಕೆ ಹೊಡೆದಿದ್ದರು. ಅದನ್ನು ಕಳಚಿ, ಸಾಗಿಸಿ, ಜೋಡಿಸುವುದಕ್ಕೆ ಆಳು ಹೇಳಿದರೆ ಖರ್ಚು. ಅವರ ಬಳಿ ಹನ್ನೆರಡು ಜನ ಇಂಜಿನಿಯರುಗಳಿದ್ದರಲ್ಲ! ನಮ್ಮನ್ನು ದೊಡ್ಡ ಕಂಪನಿಗಳಿಗೆ ಬಾಡಿಗೆಗೆ ಬಿಡುವುದೇ ಅವರ ಕಸುಬು. ನಮ್ಮೂರಲ್ಲಿ ಎತ್ತು ಬಾಡಿಗೆಗೆ ಬಿಡುವವರು ಭಾನುವಾರವಾದರೂ ಅದರ ಹೆಗಲಿನ ನೊಗ ಇಳಿಸುತ್ತಾರೆ.

ಆ ಕಟುಕನ ಓವನ್ನಿನೊಳಗೆ ಹಂದಿಯ ಕೊಬ್ಬು ಬೆರಳು ದಪ್ಪ ಹೆಪ್ಪುಗಟ್ಟಿತ್ತು. ಎರಡು ಸಂಜೆ ಕೂತು ಉಜ್ಜಿದವನೂ ನಾನೇ. ಆರು ವರ್ಷ ಇಂಜಿನಿಯರಿಂಗ್ ಮಾಡಿದೆ, ಎರಡು ಸಲ ಫೇಲಾಗಿ, ನಿಜ. ಆದರೆ ಹಂದಿಕೊಬ್ಬು ಕೆರೆಯುವ ಪಾಠ ಯಾವ ಸೆಮಿಸ್ಟರಿನಲ್ಲೂ ಇರಲಿಲ್ಲ.

ಯಾಕೆ ಮಾಡಿದೆ? ಒಂದು ಪತ್ರಕ್ಕಾಗಿ.

ಎರಡು ಸಾವಿರನೆಯ ಇಸವಿಯಲ್ಲಿ, ಕಂಪ್ಯೂಟರ್ ಇಂಜಿನಿಯರುಗಳಿಗೆಂದು ಜರ್ಮನಿ ತೆರೆದ ಗ್ರೀನ್ ಕಾರ್ಡಿನ ಮೇಲೆ ಬಂದವನು ನಾನು. ಐದು ವರ್ಷದ ಗಡುವು ಈ ಸೆಪ್ಟೆಂಬರ್ ಮೂವತ್ತಕ್ಕೆ ಮುಗಿಯುತ್ತಿತ್ತು. ಈ ವರ್ಷ ಬಂದ ಹೊಸ ಕಾನೂನಿನಂತೆ ಕಾಯಂ ಆಗಿ ಉಳಿಯಲು ಅನುಮತಿ ಕೇಳಬಹುದು. ಪರದೇಶಿಗಳ ಕಚೇರಿಯಲ್ಲಿ, ಔಸ್‌ಲೆಂಡರಾಮ್ಟ್ ಎನ್ನುತ್ತಾರೆ, ಮಂಗಳವಾರ ಒಂಬತ್ತೂವರೆಗೆ ನನ್ನ ಸರದಿ. ಭಾಷೆಯ ಪರೀಕ್ಷೆ ಪಾಸಾಗಿತ್ತು, ಉಳಿದ ಕಾಗದಗಳೂ ಇದ್ದವು. ಇವನು ಐದು ವರ್ಷ ನಮ್ಮಲ್ಲಿ ಇಂಜಿನಿಯರಾಗಿ ದುಡಿದಿದ್ದಾನೆ, ಮುಂದೆಯೂ ಕೆಲಸವಿದೆ ಎಂದು ದ್ವಾರಕನಾಥರು ಬರೆದುಕೊಡಬೇಕಾದ ಪತ್ರ ಮಾತ್ರ ಇರಲಿಲ್ಲ. ಜೂನ್‌ನಿಂದ ಕೇಳುತ್ತಿದ್ದೆ. "ಕೊಡೋಣ್ರೀ, ಓಡಿಹೋಗತ್ತಾ?" ಎನ್ನುತ್ತಿದ್ದರು. ಆ ಅನುಮತಿ ಕೈಗೆ ಬಂದರೆ ಓಡಿಹೋಗುವವನು ನಾನು, ಯಾರ ಬಳಿ ಬೇಕಾದರೂ ಕೆಲಸ ಮಾಡಬಹುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ದೇಶವೇನು ಸ್ವರ್ಗವಲ್ಲ. ಟ್ರಾಮಿನಲ್ಲಿ ನನ್ನ ಪಕ್ಕದ ಸೀಟು ಕೊನೆಗೇ ತುಂಬುವುದು. ಆದರೂ ಐದು ವರ್ಷದಲ್ಲಿ "ನೀವು ಯಾವ ಪೈಕಿ?" ಎಂದು ಒಬ್ಬ ಜರ್ಮನನೂ ಕೇಳಿಲ್ಲ. ಕೇಳಿದವರೆಲ್ಲ ಕನ್ನಡದಲ್ಲೇ ಕೇಳಿದರು. ನನ್ನ ಹೆಂಡತಿ ಪವಿಗೆ ಇನ್ನು ನಾಲ್ಕು ತಿಂಗಳಲ್ಲಿ ಹೆರಿಗೆ. ಹುಟ್ಟುವ ಮಗು ಆ ಪ್ರಶ್ನೆ ಕೇಳದ ಶಾಲೆಗೆ ಹೋಗಲಿ ಎಂಬ ಆಸೆ ನನ್ನದು. ಅಷ್ಟಕ್ಕೇ ಹಂದಿಕೊಬ್ಬು ಕೆರೆದೆ.

ದ್ವಾರಕನಾಥರಿಗೆ ಮಾತ್ರ ನನ್ನನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ನಾನೇ ಬರೆದುಕೊಟ್ಟಿದ್ದೆ. ಇಲ್ಲಿಗೆ ಬರುವಾಗ ಎಲ್ಲ ಪ್ರಮಾಣಪತ್ರಗಳ ಪ್ರತಿ ಕಳಿಸಿ ಎಂದರು. ನಮ್ಮ ಕಡೆ ಶಾಲೆಗೆ, ಹಾಸ್ಟೆಲಿಗೆ, ಕಾಲೇಜಿಗೆ, ಎಲ್ಲಕ್ಕೂ ಮೊದಲು ಲಗತ್ತಿಸುವುದು ಜಾತಿ ಪ್ರಮಾಣಪತ್ರ. ಕೈಗೆ ರೂಢಿಯಾಗಿತ್ತು. ಅದನ್ನೂ ಜರ್ಮನ್ನಿಗೆ ಅನುವಾದ ಮಾಡಿಸಿ, ಮೊಹರು ಹೊಡೆಸಿ, ಎಲ್ಲಕ್ಕಿಂತ ಮೇಲೆಯೇ ಇಟ್ಟಿದ್ದೆ. ಪರದೇಶಿಗಳ ಕಚೇರಿಯ ಹೆಂಗಸು ಅದನ್ನು ಎರಡೆರಡು ಸಲ ಓದಿ, ಇದು ಯಾವುದಾದರೂ ಸಂಘದ ಸದಸ್ಯತ್ವವೇ ಎಂದು ಕೇಳಿ, ಬೇಡವೆಂದು ವಾಪಸು ತಳ್ಳಿದಳು. ಹೌದು ತಾಯೀ, ಹುಟ್ಟುತ್ತಲೇ ಸೇರಿಸಿಕೊಳ್ಳುವ ಸಂಘ, ರಾಜೀನಾಮೆ ಕೊಡಲು ಬರುವುದಿಲ್ಲ ಎನ್ನುವಷ್ಟು ಜರ್ಮನ್ ಆಗ ನನಗೆ ಬರುತ್ತಿರಲಿಲ್ಲ. ಆಕೆ ತಳ್ಳಿದ್ದನ್ನು ದ್ವಾರಕನಾಥರು ಜೋಪಾನವಾಗಿ ಫೈಲು ಮಾಡಿಕೊಂಡಿದ್ದರು.

ಶನಿವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಜೋಡಿಸಿದೆವು. ಚೇತನ ಬಾಗಲಕೋಟೆಯ ಕಡೆಯವನು, ದೊಡ್ಡ ಮನೆತನ, ದೊಡ್ಡ ಬಾಯಿ. ಅವನ ಗಡುವು ಡಿಸೆಂಬರಿಗೆ.

"ಬೋಳಿಮಗ ಇಂವ. ಒಂದ್ ಲೆಟರ್ ಕೊಡಾಕ ಅಡಿಗಿಮನಿ ಹೊರಸ್ತಾನ. ನೋಡ್ಲೇ ಮಹೇಶಾ, ಒಂದಿನಾ ಅವನ ಮಾರಿ ಮ್ಯಾಲೇ ಅಂದು ಬರ್ತೀನಿ."

"ಇವತ್ತ ಅಂದು ಬಾರಲೇ."

"ಇವತ್ತ ಬ್ಯಾಡ. ಡಿಸೆಂಬರ್ ಆಗ್ಲಿ."

ಎಂದವನು ಸಿಗರೇಟು ಸೇದಲು ಹೊರಗೆ ಹೋದ. ಇಡೀ ಮನೆಯ ನೀರು ನಿಲ್ಲಿಸಲು ಅಡುಗೆಮನೆಯೊಳಗಿನ ಮೆಟ್ಟಿಲಿಳಿದು ನೆಲಮಾಳಿಗೆಗೆ ನಾನೊಬ್ಬನೇ ಹೋದೆ. ಹಳೆಯ ಬಾಯ್ಲರಿನ ಹಿಂದೆ ತಡವಿ ತಡವಿ ದೊಡ್ಡ ವಾಲ್ವ್ ಹುಡುಕಬೇಕಾಯಿತು.

ಭಾನುವಾರ ಗೃಹಪ್ರವೇಶ. ನಲವತ್ತು ಮಂದಿ. ಪುರೋಹಿತರು ಕಾರ್ಲ್ಸ್‌ರುಹೆಯವರು, ವಾರವೆಲ್ಲ ಡೇಟಾಬೇಸ್, ಭಾನುವಾರ ಪಂಚಾಂಗ. ಮಾವಿನೆಲೆ ಸಿಗದೆ ಬಾಗಿಲಿಗೆ ಚೆರ್ರಿ ಎಲೆಯ ತೋರಣ ಕಟ್ಟಿದ್ದರು. ಶಾಸ್ತ್ರ ಅದಕ್ಕೆ ಒಪ್ಪಿತ್ತು.

ಪವಿ ಮದುವೆಯ ಸೀರೆ ಉಟ್ಟು ಬಂದಿದ್ದಳು. ದ್ವಾರಕನಾಥರ ಹೆಂಡತಿ ಕಾಂತಾಮಣಿಯವರು ನಮ್ಮನ್ನು ಮುಂಬಾಗಿಲಿಂದಲೇ ಸುತ್ತು ಹಾಕಿಸಿ, ಹಿಂದಿನ ಅಂಗಳದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ತೋರಿಸಿದರು. ಅಂಗಳಕ್ಕೂ ಅಡುಗೆಮನೆಗೂ ನಡುವೆ ಒಂದು ಬಾಗಿಲು, ಒಂದು ಹೊಸ್ತಿಲು. ಬಸುರಿ ಹೆಂಗಸು, ಬಾಯಾರಿತ್ತು. ನೀರಿಗೆಂದು ಪವಿ ಹೊಸ್ತಿಲ ಮೇಲೆ ಕಾಲಿಟ್ಟಳು.

"ಅಯ್ಯೋ, ಅಲ್ಲೇ, ಅಲ್ಲೇ ಇರಮ್ಮಾ!" ಕಾಂತಾಮಣಿಯವರು ಸೌಟು ಹಿಡಿದೇ ಓಡಿಬಂದರು. "ಬೆಳಿಗ್ಗೆ ತಾನೆ ಪುಣ್ಯಾಹ ಮಾಡ್ಸಿದೀವಿ. ಯಾರ್ಯಾರ ಕೈ ಆಗಿತ್ತೋ ಏನೋ. ನೀರು ತಾನೆ? ತಂದ್ಕೊಡ್ತೀನಿ, ಪೇಪರ್ ಕಪ್ಪಲ್ಲಿ."

ಒಳಗಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಪವಿ ಕಾಲು ಹಿಂದಕ್ಕೆ ತೆಗೆದಳು. ಕಟುಕನ ಕಪಾಟು ಶುದ್ಧ, ಹಂದಿ ಬೆಂದ ಓವನ್ನು ಶುದ್ಧ. ಅದನ್ನು ಉಜ್ಜಿದ ಕೈಗೆ ಮಾತ್ರ ಮಂತ್ರದ ನೀರು!

"ಏನ್ರಿ," ಎಂದಳು ಪವಿ, ಕಪ್ಪನ್ನು ಮುಟ್ಟದೆ. "ಇದನ್ನ ನೋಡಾಕ ವಿಮಾನ ಹತ್ತಿ ಬರಬೇಕಿತ್ತೇನ್ರಿ? ಊರಾಗ ನಡಕೊಂಡು ಹೋದ್ರ ಸಿಗ್ತಿತ್ತು."

ಚೇತನ ಹಾಲ್‌ನ ಮೊದಲ ಪಂಕ್ತಿಯಲ್ಲಿ, ಸಿಲ್ಕ್ ಜುಬ್ಬಾದಲ್ಲಿ ಕೂತಿದ್ದ. ನನ್ನ ಕಡೆ ನೋಡಲಿಲ್ಲ. ಅವನಿಗೆ ಎಲೆಯ ಮೇಲಿನ ಕೋಸಂಬರಿಯನ್ನು ನೋಡುವುದೇ ಬಹಳವಿತ್ತು.

ಅಷ್ಟರಲ್ಲಿ ತೊಟ್ಟಿಯ ಕೆಳಗಿಂದ ನೀರು ಜಿನುಗತೊಡಗಿತು. ಕಟುಕನ ಕಾಲದ ಪೈಪು, ಬದಲಾಯಿಸಿ ಎಂದು ನಿನ್ನೆಯೇ ಹೇಳಿದ್ದೆ. ದ್ವಾರಕನಾಥರು ಪಂಚೆ ಎತ್ತಿಕೊಂಡು ಹೊಸ್ತಿಲಿಗೆ ಬಂದರು.

"ಮಹೇಶ್, ಲೀಕ್ ಆಗ್ತಿದೆ ಕಣ್ರೀ. ನೀವು ಒಳಗ್ ಬರೋದೇನ್ ಬೇಡ. ಅಲ್ಲೇ ನಿಂತ್ಕೊಂಡು ಹೇಳಿ, ಚೇತನ್ ಮಾಡ್ತಾರೆ."

ಹಾಗೆಯೇ ಆಯಿತು. ನಾನು ಹೊಸ್ತಿಲಾಚೆ ನಿಂತು ಬಾಯಲ್ಲಿ ಹೇಳಿದೆ. ಚೇತನ ಒಳಗೆ ಬೋರಲು ಬಿದ್ದು ಕೈಯಲ್ಲಿ ಮಾಡಿದ.

"ಬಲಕ್ಕ ತಿರುವಲೇ, ಮೆತ್ತಗ. ಬಲಕ್ಕ! ಅದು ನಿನ್ನ ಎಡಗೈ!"

ತೊಟ್ಟಿಯ ಕೆಳಗಿನ ವಾಲ್ವಿನ ತಲೆ ಮುರಿದು ಚೇತನನ ಕೈಗೆ ಬಂತು. ನೀರು ಅವನ ಜುಬ್ಬಾ ತೋಯಿಸಿ, ಸಾರಿನ ಪಾತ್ರೆಗೆ ಬಡಿದು, ನೆಲದ ಮೇಲೆ ಹಾಲ್‌ನ ಕಡೆ ಹೊರಟಿತು.

"ಮೇನ್ ವಾಲ್ವ್! ಮೇನ್ ವಾಲ್ವ್ ಎಲ್ರೀ ಇರೋದು?" ದ್ವಾರಕನಾಥರು ಚೀರಿದರು.

ಚೇತನನಿಗೆ ಗೊತ್ತಿರಲಿಲ್ಲ. ಮನೆಯ ಯಜಮಾನರಿಗೂ ಗೊತ್ತಿರಲಿಲ್ಲ. ಎಲ್ಲರೂ ನನ್ನನ್ನು ನೋಡಿದರು.

"ಲೆಟರ್ ಕೊಡ್ರಿ ಸರ್," ಎಂದೆ.

"ಏನ್ರೀ ಇದು, ಈಗ್ಲಾ? ಬ್ಲ್ಯಾಕ್‌ಮೇಲಾ?"

"ಜೂನದಾಗೂ ಕೇಳೀನ್ರಿ."

ನೀರು ಮೊದಲ ಪಂಕ್ತಿಯ ಎಲೆಗಳನ್ನು ಮುಟ್ಟಿತು. ರೇಷ್ಮೆ ಸೀರೆಗಳು ಮೊಣಕಾಲಿಗೇರಿದವು. ದ್ವಾರಕನಾಥರು ಮಹಡಿಗೆ ಓಡಿದರು. ಒಂದು ನಿಮಿಷವೂ ಆಗಿರಲಿಲ್ಲ, ಲಕೋಟೆ ತಂದು ಹೊಸ್ತಿಲಿನಿಂದಲೇ ನನ್ನ ಕಡೆ ಎಸೆದರು. ಒಡೆದು ಓದಿದೆ. ಸಹಿ, ಮೊಹರು ಎಲ್ಲ ಸರಿಯಾಗಿತ್ತು. ತಾರೀಖು ಜುಲೈ ಹನ್ನೊಂದು.

ಎರಡು ತಿಂಗಳಿಂದ ಪತ್ರ ಅವರ ಮೇಜಿನೊಳಗೇ ಮಲಗಿತ್ತು.

"ಸಿಕ್ತಲ್ಲ? ಬನ್ರೀ ಈಗ, ಬನ್ನಿ ಒಳಗೆ!"

"ಬನ್ನಿ, ಪರವಾಗಿಲ್ಲ ಬನ್ನಿ," ಎಂದರು ಕಾಂತಾಮಣಿಯವರು.

"ಆಪತ್ಕಾಲೇ ನಾಸ್ತಿ ಮರ್ಯಾದಾ," ಎಂದು ಒದ್ದೆ ಮಣೆಯ ಮೇಲೆ ನಿಂತಿದ್ದ ಪುರೋಹಿತರು ಪರವಾನಗಿ ಕೊಟ್ಟರು. ಅವರ ಶಾಸ್ತ್ರ ಲಂಚ ಕಂಡ ನಮ್ಮೂರಿನ ತಲಾಟಿಗಿಂತ ಬೇಗ ತಿರುಗುತ್ತಿತ್ತು.

"ಬ್ಯಾಡ್ರಿ," ಎಂದೆ. "ಪುಣ್ಯಾಹ ಕೆಡ್ತೈತಿ."

"ಹಾಗಿದ್ರೆ ಎಲ್ಲಿದೆ ಅಂತಾದ್ರೂ ಹೇಳಯ್ಯಾ!"

"ಮನಿ ನಿಮ್ದು ಸರ್. ಹುಡುಕ್ರಿ."

"ನಾಳೆ ಬೆಳಿಗ್ಗೆ ಔಸ್‌ಲೆಂಡರಾಮ್ಟಿಗೆ ಫೋನ್ ಮಾಡ್ತೀನಿ! ಇವನಿಗೆ ಕೆಲಸ ಇಲ್ಲ, ಪತ್ರ ವಾಪಸ್ ತಗೊಂಡಿದೀನಿ ಅಂತೀನಿ! ನಿನ್ನ ಹೆಂಡ್ತಿ ಸಮೇತ ವಿಮಾನ ಹತ್ತಿಸ್ತೀನಿ, ಹೊಲೆಸೂಳೇಮಗನೆ!"

ಐದು ವರ್ಷದ ರೀ, ಕಣ್ರೀಗಳೆಲ್ಲ ಆ ಒಂದು ಮಾತಿನಲ್ಲಿ ತೊಳೆದುಹೋದವು. ನಲವತ್ತು ಮಂದಿ ಕೇಳಿಸಿಕೊಂಡರು.

"ಮಾಡ್ರಿ ಫೋನು," ಎಂದಳು ಪವಿ. "ಮಂಗಳವಾರ ಒಂಬತ್ತೂವರಿಗೆ ನಾವಿಬ್ರೂ ಅಲ್ಲೇ ಇರ್ತೀವಿ. ಈಗ ಅಂದ್ರಲ್ಲ, ಆ ಮಾತನ್ನೂ ಅವರಿಗೆ ಜರ್ಮನ್ನಿನಾಗ ತಿಳಿಸಿ ಹೇಳ್ರಿ."

ವಾಲ್ವ್ ಹುಡುಕಲು ಇಳಿದಿದ್ದ ಚೇತನ ನೆಲಮಾಳಿಗೆಯಿಂದ ಕೂಗುತ್ತಿದ್ದ, "ಕತ್ತಲೈತ್ರಿ ಸರ್, ಏನೂ ಕಾಣವಲ್ದು!" ದ್ವಾರಕನಾಥರು ಜರತಾರಿ ಶಲ್ಯವನ್ನು ಮುದ್ದೆ ಮಾಡಿ, ತೊಟ್ಟಿಯ ಕೆಳಗೆ ಮಂಡಿಯೂರಿ, ಚಿಮ್ಮುವ ಪೈಪಿನ ಬಾಯಿಗೆ ತುರುಕತೊಡಗಿದರು. ಮುಖ ಮೂತಿಗೆಲ್ಲ ನೀರು ಹೊಡೆಯುತ್ತಿತ್ತು. ಐದು ವರ್ಷದಲ್ಲಿ ಅವರು ಸ್ವಂತ ಕೈಯಿಂದ ಒಂದು ಕೆಲಸ ಮಾಡಿದ್ದನ್ನು ಕಂಡದ್ದು ಅದೇ ಮೊದಲು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾವಿಬ್ಬರೂ ನಿಂತು ನೋಡಿದೆವು.